ಮುಂದಿನ ಕಂಬದ ತನಕ

ಮೊನ್ನೆ ಶಾಲೆಯ ಮೈದಾನದಲ್ಲಿ ಎಂಟನೇ ತರಗತಿಯ ಹುಡುಗಿಯೊಬ್ಬಳು ಖೋ ಖೋ ಆಡುತ್ತ ಕಂಬ ಹಿಡಿದು ತಿರುಗುವಾಗ ಕಾಲು ಉಳುಕಿಸಿಕೊಂಡಳು. ಹಿಂದಿನ ದಿನದ ಮಳೆಗೆ ನೆಲ ಇನ್ನೂ ಮೆತ್ತಗಿತ್ತು. ಅವಳನ್ನು ಕಟ್ಟೆಯ ಮೇಲೆ ಕೂರಿಸಿ, ಡಬ್ಬಿಯಿಂದ ನೋವಿನ ಮುಲಾಮು ತೆಗೆದು ಕಣಕಾಲಿಗೆ ತಿಕ್ಕತೊಡಗಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ನಿಂತುಬಿಟ್ಟಿತು. "ಮ್ಯಾಡಮ್, ಕಾಯ್ ಝಾಲಂ?" ಎಂದು ಹುಡುಗಿಯೇ ನನ್ನನ್ನು ಕೇಳಿದಳು. ಏನಾಯಿತು ಎಂದು ಅವಳಿಗೆ ಹೇಗೆ ಹೇಳಲಿ? ಏನಿಲ್ಲ ಎಂದು ಹೇಳಿ ಮತ್ತೆ ತಿಕ್ಕಿದೆ.

ಎರಡು ಮಳೆಗಾಲದ ಹಿಂದೆ ಇದೇ ಮುಲಾಮನ್ನು ದಿನಾ ಬೆಳಿಗ್ಗೆ ನನ್ನ ಗಂಡನ ಬಲಗೈಗೆ ತಿಕ್ಕುತ್ತಿದ್ದೆ. ಹೆಗಲಿನಿಂದ ಶುರುಮಾಡಿ ಬೆರಳ ತುದಿಯ ತನಕ. ಕೈ ಬೆಚ್ಚಗೇ ಇರುತ್ತಿತ್ತು. ಹೇಳಿದ ಮಾತು ಮಾತ್ರ ಕೇಳುತ್ತಿರಲಿಲ್ಲ.

ನಾನು ಸಾಂಗಲಿ ಹತ್ತಿರದ ಕವಲಾಪುರದವಳು. ನಮ್ಮ ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಮೈದಾನದಲ್ಲಿ ಖೋ ಖೋ. ಶಾಲೆಯಲ್ಲಿದ್ದಾಗಲೇ ಚೌಗುಲೆ ಸರ್ ನನ್ನನ್ನು ಓಡುವವರ ಸಾಲಿಗೆ ಹಾಕಿದರು. ಬೆನ್ನಟ್ಟುವವರಿಗೆ ಎದುರಾಳಿಯನ್ನು ಮುಟ್ಟುವ ಗುರಿ ಇರುತ್ತದೆ. ಓಡುವವರಿಗೆ ಗೆಲ್ಲುವುದೆಂಬುದೇ ಇಲ್ಲ, ಸೀಟಿ ಊದುವ ತನಕ ಸಿಗದೆ ಉಳಿಯುವುದಷ್ಟೇ. ಅದು ಕಾಲಿಗಿಂತ ತಲೆಯ ಕೆಲಸ ಎಂದು ಸರ್ ಹೇಳುತ್ತಿದ್ದರು. "ಪೂರ್ತಿ ಆಟ ನೆನೀಬ್ಯಾಡ ಸುನಂದಾ. ಮುಂದಿನ ಕಂಬದ ತನಕ ನೆನಿ. ಅದು ಬಂದಮ್ಯಾಲ ಅದರ ಮುಂದಿಂದು." ಮೈದಾನಕ್ಕೆ ಇಳಿಯುವ ಮುಂಚೆ ಕಣ್ಣು ಮುಚ್ಚಿಸಿ ಆಟವನ್ನು ಒಳಗೇ ಆಡಿಸುತ್ತಿದ್ದರು. ಬಿಡುವ ಉಸಿರು ತೆಗೆದುಕೊಂಡ ಉಸಿರಿಗಿಂತ ಉದ್ದ ಇರಬೇಕು. ತಪ್ಪಾದರೆ ಎರಡೂ ಕೈ ಚಪ್ಪಳಿಸಿ ಧೂಳು ಝಾಡಿಸಬೇಕು. ಧೂಳಿನ ಜೊತೆ ತಪ್ಪೂ ಹೋಯಿತು, ಅಲ್ಲಿಗೆ ಮುಗಿಯಿತು. ಇವನ್ನೆಲ್ಲ ಈಗ ನಾನು ವಿಶ್ರಾಮಬಾಗದ ಶಾಲೆಯಲ್ಲಿ ಹುಡುಗಿಯರಿಗೆ ಕಲಿಸುತ್ತೇನೆ. ಆಟಕ್ಕಷ್ಟೇ ಅಲ್ಲ, ಪರೀಕ್ಷೆಗೆ, ಮನೆಯ ಜಗಳಕ್ಕೆ, ಮುಂದೆ ಬದುಕಿಗೆ ಕೂಡ ಇದೇ ಸಾಕು ಎಂದು ಎದೆ ತಟ್ಟಿ ಹೇಳುತ್ತಿದ್ದೆ. ಆ ವರ್ಷದ ತನಕ.

ನನ್ನ ಗಂಡ ಭರತೇಶರನ್ನು ನಾನು ನೋಡುವ ಮೊದಲು ಅವರ ದನಿ ಕೇಳಿದ್ದೆ. ಊರೂರಿನ ಮೈದಾನಗಳಲ್ಲಿ, ಖೋ ಖೋ ಇರಲಿ ಕಬಡ್ಡಿ ಇರಲಿ ಕುಸ್ತಿ ಇರಲಿ, ಮೈಕಿನಲ್ಲಿ ಆಟ ಹೇಳುವವರು ಅವರೇ. ಕಸಬೆ ಡಿಗ್ರಜದ ಜೈನರ ಮನೆಯ ಹುಡುಗ, ಒಳ್ಳೆಯ ಮರಾಠಿ. ಒಂದು ಪಂದ್ಯದಲ್ಲಿ ಬೆನ್ನಟ್ಟುವವಳ ಕೈ ಇನ್ನೇನು ನನ್ನ ಜಡೆಗೆ ತಾಕಬೇಕು ಎನ್ನುವಾಗ ಅವರು ಮರಾಠಿ ಮರೆತು "ಓಡವ್ವಾ, ಓಡು!" ಎಂದು ಮೈಕಿನಲ್ಲೇ ಕನ್ನಡದಲ್ಲಿ ಕೂಗಿದರು. ಮೈದಾನಕ್ಕೆ ಮೈದಾನವೇ ನಕ್ಕಿತು. ನಾನು ಸಿಗಲಿಲ್ಲ. ಮುಂದೆ ಅವರ ಮನೆಯವರು ನಮ್ಮ ಮನೆಗೆ ಬಂದರು.

ಮದುವೆಯಾದ ಮೇಲೆ ಸಾಂಗಲಿ ಮೀರಜ ರಸ್ತೆಯಲ್ಲಿ ಮೋಟಾರು ಪೈಪುಗಳ ಅಂಗಡಿ ಇಟ್ಟರು. ಅಂಗಡಿಯಲ್ಲೂ ಮೈಕಿನಲ್ಲೂ ಮರಾಠಿ, ಹೊಸ್ತಿಲು ದಾಟಿ ಒಳಗೆ ಬಂದರೆ ಕನ್ನಡ. ನಾನು ಅಡಿಗೆ ಮನೆಯಲ್ಲಿದ್ದರೆ ಬಾಗಿಲಿಗೆ ಒರಗಿ ನಿಂತು, ಲಟ್ಟಣಿಗೆಯನ್ನೇ ಮೈಕು ಮಾಡಿಕೊಂಡು ನನ್ನ ಅಡಿಗೆಯನ್ನು ಆಟದಂತೆ ವರ್ಣಿಸುವುದು ಅವರ ಚಟ. ಮಗಳು ಶ್ರುತಿ ನಗುತ್ತ ನಗುತ್ತ ಬೆಳೆದದ್ದು ಅದರಲ್ಲೇ. ಅವಳಿಗೆ ಕನ್ನಡ ಪೂರ್ತಿ ತಿಳಿಯುತ್ತದೆ, ಮಾತಿಗೆ ಮಾತ್ರ ಮರಾಠಿಯೇ ಬರುತ್ತದೆ. ಅಪ್ಪ ಕನ್ನಡದಲ್ಲಿ ಕೇಳುವುದು, ಮಗಳು ಮರಾಠಿಯಲ್ಲಿ ಉತ್ತರಿಸುವುದು, ಇಬ್ಬರಿಗೂ ಅದು ಎರಡು ಭಾಷೆ ಎಂಬ ನೆನಪೇ ಇರುತ್ತಿರಲಿಲ್ಲ.

ಆ ವರ್ಷ ಮಳೆ ಹಿಡಿದು ಕೆಲವು ದಿನಗಳಾಗಿದ್ದವು. ಒಂದು ಭಾನುವಾರ ಬೆಳಿಗ್ಗೆ ನಾನು ಭಾಕರಿ, ಅಂದರೆ ಜೋಳದ ರೊಟ್ಟಿ, ಬಡಿಯುತ್ತಿದ್ದೆ. ಬಾಗಿಲಲ್ಲಿ ನಿಂತು ಅವರು ಶುರುಮಾಡಿದರು.

"ನೋಡ್ರಿ ಮಂಡಳಿ, ಸುನಂದಾಬಾಯಿ ಭಾಕರಿ ಹಂಚಿಗೆ ಹಾಕ್ಯಾರ. ನೀರ ಸವರ್ಯಾರ. ಈಗ ತಿರುವ್ಯಾರ. ಉಬ್ಬಲಿಕ್ಕೆ ಹತ್ತೇತಿ, ಉಬ್ಬಿತು, ಉಬ್ಬಿ..."

ಮಾತು ಅಲ್ಲಿಗೆ ನಿಂತಿತು. ತಮಾಷೆ ಎಂದುಕೊಂಡು ನಾನು ತಿರುಗಿ ನೋಡಲಿಲ್ಲ. ಲಟ್ಟಣಿಗೆ ನೆಲಕ್ಕೆ ಬಿದ್ದ ಸದ್ದಾದಾಗ ನೋಡಿದೆ. ಅವರ ಬಾಯಿ ಒಂದು ಕಡೆಗೆ ಜಾರಿತ್ತು. ಕಣ್ಣುಗಳು ನನ್ನನ್ನೇ ನೋಡುತ್ತ, ಏನನ್ನೋ ಹುಡುಕುತ್ತಿದ್ದವು.

ಮೀರಜದ ಆಸ್ಪತ್ರೆಗೆ ಹೋಗುವ ದಾರಿಯುದ್ದಕ್ಕೂ ಮಳೆ. ಪಕ್ಕದ ಮನೆಯವರ ಕಾರಿನಲ್ಲಿ ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕುಳಿತಿದ್ದೆ. ಮೈದಾನದಲ್ಲಿ ಕಲಿತದ್ದು ತಾನಾಗಿ ಬಂತು. ಉಸಿರು ಉದ್ದ ಬಿಟ್ಟೆ. ಆ ಸಿಗ್ನಲ್ಲಿನ ತನಕ, ಅಷ್ಟೇ. ಆ ಪೆಟ್ರೋಲ್ ಪಂಪಿನ ತನಕ, ಅಷ್ಟೇ. ಆಸ್ಪತ್ರೆಯ ಗೇಟಿನ ತನಕ. ಒಳಗೆ ಒಯ್ದ ಮೇಲೆ ಡಾಕ್ಟರು ಹೊರಗೆ ಬರುವ ತನಕ. ಮೆದುಳಿನ ಎಡಭಾಗದಲ್ಲಿ ರಕ್ತ ಹರಿಯುವುದು ನಿಂತಿದೆ, ಜೀವಕ್ಕೆ ಅಪಾಯ ಕಳೆಯಬೇಕಾದರೆ ಕಾಯಬೇಕು ಎಂದರು. ಕಾಯುವುದು ನನಗೆ ಗೊತ್ತಿದ್ದ ಆಟ. ಬೆಳಿಗ್ಗೆ ಡಾಕ್ಟರರ ಸುತ್ತು ಒಂದು ಕಂಬ, ಮಧ್ಯಾಹ್ನ ಗಾಜಿನ ಆಚೆಯಿಂದ ಅವರನ್ನು ನೋಡಲು ಬಿಡುವುದು ಇನ್ನೊಂದು ಕಂಬ. ಕೆಟ್ಟ ಸುದ್ದಿ ಬಂದರೆ ವರಾಂಡದ ಕೊನೆಗೆ ಹೋಗಿ ಎರಡೂ ಕೈ ಚಪ್ಪಳಿಸಿ ಝಾಡಿಸುತ್ತಿದ್ದೆ. ಬೇರೆ ರೋಗಿಗಳ ಕಡೆಯವರು ನನ್ನನ್ನು ತಿರುಗಿ ನೋಡುತ್ತಿದ್ದರು. ಈ ಹೆಂಗಸು ಎಷ್ಟು ಗಟ್ಟಿ ಎಂದು ನಮ್ಮವರು ಮಾತಾಡಿಕೊಂಡರು. ನನಗೂ ಹಾಗೇ ಅನಿಸಿತ್ತು.

ಜೀವ ಉಳಿಯಿತು. ಮನೆಗೆ ಕರೆತಂದಾಗ ಬಲಗಾಲು ಎಳೆಯುತ್ತಿತ್ತು, ಬಲಗೈ ಜೋತಿತ್ತು. ಮಾತಿನಲ್ಲಿ ಉಳಿದದ್ದು ಒಂದೇ: "ಹೋ ನಾ." ಮರಾಠಿಯಲ್ಲಿ ಹೌದಲ್ಲ ಎಂದು ತಲೆಯಾಡಿಸುವ ಮಾತು. ಹಸಿವೆಯಾದರೂ ಹೋ ನಾ, ನೋವಾದರೂ ಹೋ ನಾ, ಸಿಟ್ಟು ಬಂದರೂ ಹೋ ನಾ.

ಅದೇ ವಾರ ಕೃಷ್ಣೆ ಏರತೊಡಗಿತು. ಡಿಗ್ರಜದ ರಸ್ತೆ ಮುಚ್ಚುವ ಮುಂಚೆ ಶ್ರುತಿ ಹೋಗಿ ನನ್ನ ಅತ್ತೆಯನ್ನು ಕರೆದುಕೊಂಡು ಬಂದಳು. ಅಥಣಿಯ ಕಡೆಯಿಂದ ಮದುವೆಯಾಗಿ ಈ ಜಿಲ್ಲೆಗೆ ಬಂದ ಹೆಣ್ಣುಮಗಳು. ಸಂತೆಗೆ, ದವಾಖಾನೆಗೆ ಬೇಕಾದಷ್ಟು ಮರಾಠಿ ಅವರಿಗೆ ಬರುತ್ತಿತ್ತು. ಆದರೆ ಹೊಟ್ಟೆಯಲ್ಲಿ ಹುಟ್ಟಿದ ಮಗನೊಂದಿಗೆ ಒಂದು ದಿನವೂ ಮರಾಠಿ ಆಡಿದವರಲ್ಲ. "ಮಗನ ಕೂಡ ಆ ಮಾತ ಆಡಿದ್ರ ಬ್ಯಾರೇದವ್ರ ಮನ್ಯಾಗ ಕುಂತಂಗ ಆಕ್ಕೈತಿ" ಎನ್ನುತ್ತಿದ್ದರು. ಚಾತುರ್ಮಾಸದ ವ್ರತ ಹಿಡಿದಿದ್ದರು. ಕತ್ತಲಾಗುವ ಮುಂಚೆ ಎಲ್ಲರೂ ಉಂಡು ಮುಗಿಸಬೇಕು. ಮಗನಿಗೆ ತಾವೇ ತುತ್ತು ಕಲಸಿ ತಿನ್ನಿಸುತ್ತ, ತುತ್ತಿಗೊಂದು ಮಾತು ಕೇಳುತ್ತಿದ್ದರು.

ಮೀರಜದಿಂದ ವಾರದಲ್ಲಿ ಕೆಲವು ದಿನ ಮಾತು ಕಲಿಸುವ ಹುಡುಗಿ ಮನೆಗೆ ಬರುತ್ತಿದ್ದಳು. ಚಿಕ್ಕ ವಯಸ್ಸು, ತುಂಬ ತಾಳ್ಮೆ. ಚಿತ್ರ ತೋರಿಸಿ ಮರಾಠಿಯಲ್ಲಿ ಹೆಸರು ಕೇಳುವುದು, ಹಾಡಿನಂತೆ ಎಳೆದು ಶಬ್ದ ಹೇಳಿಸುವುದು. ಶ್ರಾವಣ ಬರುವ ಹೊತ್ತಿಗೆ "ಪಾಣಿ" ಬಂತು. ಚಹಾ ಬೇಡ ಎನ್ನಲು "ಚಹಾ ನಕೋ" ಬಂತು. ಶ್ರುತಿಯ ಹೆಸರು ಬಂತು. ನಾವು ಆ ದಿನ ಸಿಹಿ ಮಾಡಿದೆವು. ನಾನು ಕಾದಿದ್ದೆ, ಇದರ ಹಿಂದೆಯೇ ಕನ್ನಡವೂ ಬರುತ್ತದೆ ಎಂದು.

ಬರಲಿಲ್ಲ.

ಒಂದು ಸಂಜೆ ಅತ್ತೆ ತುತ್ತು ಹಿಡಿದುಕೊಂಡು, ಮಗುವಿಗೆ ಕೇಳುವ ಹಾಗೆ ಕೇಳಿದರು. "ಭರತಾ, ನಾ ಯಾರಪಾ? ಹೇಳ ನೋಡೂಣು, ನಾ ಯಾರು?"

ಅವರು ತಾಯಿಯ ಮುಖ ನೋಡಿದರು. ತುಟಿ ಸೇರಿಸಿದರು, ಬಿಡಿಸಿದರು. ಕತ್ತಿನ ನರ ಬಿಗಿಯಿತು. ಆಮೇಲೆ ಮುಖ ಅರಳಿ, "ಆಯಿ" ಎಂದರು.

ಶ್ರುತಿ ಚಪ್ಪಾಳೆ ತಟ್ಟಿದಳು. ಮರಾಠಿಯಲ್ಲಿ ಆಯಿ ಎಂದರೆ ತಾಯಿಯೇ. ಅತ್ತೆಯ ಕೈಯಲ್ಲಿದ್ದ ತುತ್ತು ಹಾಗೇ ಉಳಿಯಿತು.

"ಆಯಿ ಅಲ್ಲೋ ಯಪ್ಪಾ. ಅವ್ವ. ಅನ್ನು, ಅವ್ವ."

"ಆಯಿ."

"ಅವ್ವ ಅನ್ನೋ. ಹುಟ್ಟಿದಾಗಿಂದ ಅಂದೀದಿ. ಅವ್ವ."

"ಆ... ಹೋ ನಾ. ಹೋ ನಾ." ಅವರ ಕಣ್ಣಲ್ಲಿ ನೀರು ತುಂಬಿತು. ಅತ್ತೆ ತುತ್ತನ್ನು ತಟ್ಟೆಗೆ ಹಾಕಿ ಎದ್ದು ಬಚ್ಚಲಿಗೆ ಹೋದರು. ನಲ್ಲಿ ಬಹಳ ಹೊತ್ತು ಸುರಿಯಿತು.

ಮಾತು ಕಲಿಸುವ ಹುಡುಗಿಯನ್ನು ಕೇಳಿದೆ. ನಾವು ಆಡುವ ಕನ್ನಡ ಅವರಿಗೆ ತಿಳಿಯುತ್ತದೆ, ಆದರೆ ತಿರುಗಿ ಆಡಲು ಶಬ್ದ ಕೈಗೆ ಸಿಗುತ್ತಿಲ್ಲ ಎಂದಳು. ಎರಡು ಭಾಷೆ ಇದ್ದವರಲ್ಲಿ ಕೆಲವೊಮ್ಮೆ ಒಂದು ಮೊದಲು ಬರುತ್ತದೆ, ಇನ್ನೊಂದು ತಡವಾಗಿ ಬರುತ್ತದೆ, ಕೆಲವೊಮ್ಮೆ ಬರುವುದೇ ಇಲ್ಲ. ಯಾಕೆ ಎಂದು ಖಚಿತವಾಗಿ ಹೇಳಲಾಗುವುದಿಲ್ಲ. "ಬಂದ ಭಾಷೆಯನ್ನೇ ಗಟ್ಟಿ ಮಾಡೋಣ ತಾಯಿ" ಎಂದು ಮರಾಠಿಯಲ್ಲಿ ಹೇಳಿ ನನ್ನ ಕೈ ಹಿಡಿದಳು.

ಚೌಗುಲೆ ಸರ್ ಕವಲಾಪುರದಿಂದ ಬಸ್ಸು ಹಿಡಿದು ನೋಡಲು ಬಂದದ್ದು ಗಣಪತಿ ಹಬ್ಬದ ಸುಮಾರಿಗೆ. ನಿವೃತ್ತರಾಗಿ ವರ್ಷಗಳಾಗಿದ್ದರೂ ಕುತ್ತಿಗೆಯಲ್ಲಿ ಸೀಟಿಯೊಂದಿಲ್ಲ ಅಷ್ಟೇ, ಉಳಿದಂತೆ ಅದೇ ಮನುಷ್ಯ. ಭರತೇಶರ ಎದುರು ಕುರ್ಚಿ ಎಳೆದು ಕುಳಿತು, ಆಟಗಾರನ ಜೊತೆ ಮಾತಾಡುವಂತೆಯೇ ಮಾತಾಡಿದರು.

"ಭರತೇಶ, ದಸರಾ ಆದಮ್ಯಾಲ ಸುನಂದಾನ ಶಾಳಿಯಾಗ ಹುಡ್ಗ್ಯಾರ ಪಂದ್ಯಾ ಅದಾವ. ಸುರುವಾತಿಗೆ ಮೈಕ ನೀ ಹಿಡೀಬೇಕು. ಭಾಷಣ ಬ್ಯಾಡ. ನಮಸ್ಕಾರ ಅನ್ನು, ಸ್ವಾಗತ ಅನ್ನು, ಪಂದ್ಯಾ ಸುರು ಅನ್ನು. ಸಾಕು. ಆಕ್ಕೈತಿ?"

"ಹೋ ನಾ" ಎಂದರು ಇವರು. ಆ ಸಲ ಅದು ಹೌದು ಎಂದೇ ಇತ್ತು. ಆಸ್ಪತ್ರೆಯಿಂದ ಬಂದ ಮೇಲೆ ನಾನು ಅವರ ಕಣ್ಣಲ್ಲಿ ಅಂಥ ಬೆಳಕು ನೋಡಿರಲಿಲ್ಲ.

ಹೊರಗೆ ಬಂದು ಸರ್ ನನಗೆ ಹೇಳಿದರು: "ಗುರಿ ಇಲ್ದ ಆಟಗಾರ ಸುಮ್ನ ಕುಂತ್ರ ಕೊಳೀತಾನ. ನಿನಗ ಹ್ಯಾಂಗ ಕಲಿಸೀನಿ ಹಂಗ ಅವಂಗ ಕಲಿಸು."

ಕಲಿಸಿದೆ. ಬೆಳಿಗ್ಗೆ ಕೈಗೆ ಮುಲಾಮು ತಿಕ್ಕಿದ ಮೇಲೆ ಅಭ್ಯಾಸ. ಕಣ್ಣು ಮುಚ್ಚಿ ಎನ್ನುತ್ತಿದ್ದೆ. ನಮ್ಮ ಶಾಲೆಯ ಗೇಟನ್ನು ಕಣ್ಣ ಮುಂದೆ ತಂದುಕೊಳ್ಳಿ. ಸುಣ್ಣದ ಗೆರೆ ಈಗಷ್ಟೇ ಎಳೆದಿದ್ದಾರೆ. ಹುಡುಗಿಯರು ಸಾಲಾಗಿ ಕುಳಿತಿದ್ದಾರೆ. ಎಡಗೈಗೆ ಮೈಕು ಬಂತು, ತಣ್ಣಗಿದೆ. ಉಸಿರು ಬಿಡಿ, ಉದ್ದ. ಈಗ ಮೊದಲಿನದು. "ನಮಸ್ಕಾರ." ಬರುತ್ತಿತ್ತು. ಎರಡನೆಯದು ಒಂದು ದಿನ ಬಂದರೆ ಎರಡು ದಿನ ಬರುತ್ತಿರಲಿಲ್ಲ. ತಪ್ಪಿದರೆ ಅವರ ಎಡಗೈಯನ್ನು ನನ್ನ ಬಲಗೈಗೆ ಚಪ್ಪಳಿಸಿ ಝಾಡಿಸುತ್ತಿದ್ದೆವು. ಅವರು ನಗುತ್ತಿದ್ದರು. ಆ ತಿಂಗಳು ನಮ್ಮ ಮನೆಯಲ್ಲಿ ನಗು ಇತ್ತು. ನಾನು ಶಾಲೆಗೆ ಹೋಗುವಾಗ ರಸ್ತೆಯ ಹೊಂಡಗಳಲ್ಲಿ ನಿಂತ ನೀರಿನಲ್ಲಿ ಆಕಾಶ ಕಾಣುತ್ತಿತ್ತು. ಕನ್ನಡದ್ದೂ ಒಂದೇ ಒಂದು ಶಬ್ದ ಪ್ರತಿ ದಿನ ಕೊನೆಗೆ ಇಟ್ಟಿದ್ದೆ. ಅವ್ವ. ಅದು ಒಂದು ದಿನವೂ ಬರಲಿಲ್ಲ. ಇವತ್ತಿಲ್ಲದಿದ್ದರೆ ನಾಳೆ ಎಂದು ಅತ್ತೆ ಬಾಗಿಲ ಹೊರಗೆ ಜಪಮಾಲೆ ಹಿಡಿದು ಕುಳಿತು ಕೇಳಿಸಿಕೊಳ್ಳುತ್ತಿದ್ದರು.

ಪಂದ್ಯದ ದಿನ ಆಕಾಶ ತೊಳೆದಿಟ್ಟಂತೆ ಇತ್ತು. ಶ್ರುತಿ ಅಪ್ಪನಿಗೆ ಬಿಳಿ ಅಂಗಿ ಇಸ್ತ್ರಿ ಮಾಡಿ ತೊಡಿಸಿದಳು, ಗಡ್ಡ ತೆಗೆದಳು. ರಿಕ್ಷಾದಿಂದ ಇಳಿದು ಅವರು ಕೋಲು ಹಿಡಿದು ತಾವೇ ನಡೆದು ಮೈದಾನಕ್ಕೆ ಬಂದರು. ಹಳೆಯ ಅಂಪೈರುಗಳು, ಬೇರೆ ಶಾಲೆಗಳ ಶಿಕ್ಷಕರು ಎದ್ದು ಬಂದು ಮಾತಾಡಿಸಿದರು. ಅವರ ದನಿ ಕೇಳಿ ಬೆಳೆದವರು ಎಷ್ಟೋ ಜನ ಅಲ್ಲಿದ್ದರು. ನಾನು ನನ್ನ ತಂಡದ ಹುಡುಗಿಯರ ಜೊತೆ ಎದುರು ಬದಿಯಲ್ಲಿ ನಿಂತಿದ್ದೆ.

ಮೈಕು ಅವರ ಎಡಗೈಗೆ ಬಂತು. ಮೊದಲು ಉಸಿರಿನ ಸದ್ದು ಕೇಳಿಸಿತು. ಆಮೇಲೆ "ನಮಸ್ಕಾರ." ಸ್ಪಷ್ಟ, ಹಳೆಯ ದನಿ. ಜನ ತಡೆಯಲಾರದೆ ಜೋರಾಗಿ ಚಪ್ಪಾಳೆ ತಟ್ಟಿದರು. ಪ್ರೀತಿಯಿಂದಲೇ ತಟ್ಟಿದರು. ಆದರೆ ನಮ್ಮ ಅಭ್ಯಾಸದಲ್ಲಿ ಆ ಚಪ್ಪಾಳೆ ಇರಲಿಲ್ಲ. ಮೈದಾನ, ಗೆರೆ, ಮೈಕಿನ ತಂಪು, ಎಲ್ಲ ನೆನೆದಿದ್ದೆವು, ಅದೊಂದನ್ನು ಬಿಟ್ಟು. ಚಪ್ಪಾಳೆ ನಿಂತಾಗ ಅವರ ಮುಖ ಖಾಲಿಯಾಗಿತ್ತು. ಮೈದಾನದ ಈಚೆ ಬದಿಗೆ ಕಣ್ಣು ಹಾಯಿಸಿ ನನ್ನನ್ನು ಹುಡುಕಿದರು. ನಾನು ಎದೆಯ ಮೇಲೆ ಕೈಯಿಟ್ಟು ಉಸಿರು ಬಿಟ್ಟು ತೋರಿಸಿದೆ. ಅವರೂ ಬಿಟ್ಟರು. ಮೈಕಿನಲ್ಲಿ ಅದು ಗಾಳಿ ಬೀಸಿದಂತೆ ಕೇಳಿಸಿತು.

"ಹೋ ನಾ" ಎಂದರು. "ಹೋ ನಾ. ಹೋ ನಾ. ಹೋ ನಾ."

ಸಾಲಿನಲ್ಲಿ ಕುಳಿತ ಚಿಕ್ಕ ಹುಡುಗಿಯರು ಅದು ತಮಾಷೆಯೆಂದು ತಿಳಿದು ಒಟ್ಟಿಗೆ "ಹೋ!" ಎಂದು ಕೂಗಿ ನಕ್ಕರು. ಅವರದೇನೂ ತಪ್ಪಿಲ್ಲ. ಅಂಪೈರು ಕನಿಕರಪಟ್ಟು ಬೇಗ ಸೀಟಿ ಊದಿದರು, ಆಟ ಶುರುವಾಯಿತು. ಶ್ರುತಿ ಮೈಕು ಇಸಿದುಕೊಂಡು ಅಪ್ಪನನ್ನು ಕುರ್ಚಿಗೆ ಕೂರಿಸಿದಳು. ಅವರು ಕುರ್ಚಿಯನ್ನು ಕಾಲಿನಿಂದ ತಳ್ಳಿ ತಳ್ಳಿ, ಮೈದಾನಕ್ಕೆ ಬೆನ್ನು ಮಾಡಿ, ಕಂಪೌಂಡ್ ಗೋಡೆಗೆ ಮುಖ ಮಾಡಿ ಕುಳಿತರು. ಪಂದ್ಯ ಮುಗಿಯುವ ತನಕ ಹಾಗೇ ಇದ್ದರು. ನನ್ನ ತಂಡ ಗೆದ್ದಿತು. ಹುಡುಗಿಯರು ನನ್ನ ಕೊರಳಿಗೆ ಜೋತುಬಿದ್ದರು. ಅವರ ತಲೆಗಳ ಮೇಲಿನಿಂದ ನಾನು ಆ ಬಿಳಿ ಅಂಗಿಯ ಬೆನ್ನನ್ನೇ ನೋಡುತ್ತಿದ್ದೆ.

ಮರುದಿನ ಮುಲಾಮು ಹಿಡಿದು ಹೋದಾಗ ಕೈ ಕೊಡಲಿಲ್ಲ. ಕಣ್ಣು ಮುಚ್ಚಿ ಎಂದರೆ ಕಣ್ಣು ಬಿಟ್ಟು ಛಾವಣಿ ನೋಡಿದರು. ಅದರ ಮರುದಿನವೂ ಅಷ್ಟೇ. ಮಾತು ಕಲಿಸುವ ಹುಡುಗಿ ಬಂದರೆ ಚೂರು ಮರಾಠಿ ಆಡುತ್ತಿದ್ದರು, ಶ್ರುತಿ ಕಾಲೇಜಿನಿಂದ ಬಂದರೆ ಅವಳ ಜೊತೆ ಇನ್ನೂ ಸ್ವಲ್ಪ. ನಾನೋ ಅತ್ತೆಯೋ ಕನ್ನಡದಲ್ಲಿ ಬಾಯಿ ತೆರೆದರೆ ಮುಖ ಗೋಡೆಗೆ ತಿರುಗುತ್ತಿತ್ತು. ತಿಳಿಯದೆ ಅಲ್ಲ. ಎಲ್ಲ ತಿಳಿಯುತ್ತಿತ್ತು. ಉತ್ತರ ಒಳಗೆ ಇದೆ, ಬಾಯಿಗೆ ಬರುತ್ತಿಲ್ಲ, ಕೇಳುವವರು ಆಸೆಯಿಂದ ಕಾಯುತ್ತಿದ್ದಾರೆ. ನಮ್ಮ ಒಂದೊಂದು ಮಾತೂ ಅವರಿಗೆ ಆ ಮೈದಾನವೇ ಆಗಿಬಿಟ್ಟಿತ್ತು.

ನಾನು ನನ್ನ ಆಟ ಬಿಡಲಿಲ್ಲ. ಬೆಳಿಗ್ಗೆ ಸ್ನಾನ ಮಾಡಿಸುವ ತನಕ, ಅಷ್ಟೇ. ಶಾಲೆಯ ಗಂಟೆಯ ತನಕ, ಅಷ್ಟೇ. ಸಂಜೆ ಉಣ್ಣಿಸುವ ತನಕ. ಸುನಂದಾ ಏಳು, ಸುನಂದಾ ನಡಿ, ಎಂದು ನನ್ನ ಹೆಸರು ಹಿಡಿದು ನನಗೇ ಹೇಳಿಕೊಳ್ಳುತ್ತಿದ್ದೆ. ಒಂದು ದಿನ ಶಾಲೆಯ ಪ್ರಾರ್ಥನೆಯ ಹೊತ್ತಿಗೆ ಹುಡುಗಿಯರ ಮುಂದೆ ನಿಂತಿದ್ದಾಗ ಮುಂದಿನ ಕಂಬ ಯಾವುದು ಎಂದು ಎಷ್ಟು ನೆನೆದರೂ ಹೊಳೆಯಲಿಲ್ಲ. ಪ್ರಾರ್ಥನೆ ಮುಗಿದರೆ ತರಗತಿ, ತರಗತಿ ಮುಗಿದರೆ ಮನೆ, ಮನೆಯಲ್ಲಿ ಆ ಬೆನ್ನು, ನಾಳೆ ಮತ್ತೆ ಪ್ರಾರ್ಥನೆ. ಕಂಬಗಳೆಲ್ಲ ಒಂದೇ ಕಂಬವಾಗಿದ್ದವು. ಅಲ್ಲೇ ಕಟ್ಟೆಯ ಮೇಲೆ ಕುಳಿತೆ. ಉಸಿರು ಉದ್ದ ಬಿಟ್ಟೆ. ಮತ್ತೆ ತೆಗೆದುಕೊಳ್ಳಬೇಕು ಅನ್ನಿಸಲಿಲ್ಲ.

ಅರ್ಧ ದಿನದ ರಜೆ ಹಾಕಿ ಕವಲಾಪುರದ ಬಸ್ಸು ಹತ್ತಿದೆ. ಸರ್ ಹೊಲದ ಬದಿಯ ಮನೆಯಲ್ಲಿ ಬದನೆ ಗಿಡಗಳಿಗೆ ಮಣ್ಣು ಏರಿಸುತ್ತಿದ್ದರು. ನನ್ನನ್ನು ನೋಡಿ ಕೈ ತೊಳೆದು ಬಂದರು.

"ಕುಂದರು. ಹ್ಯಾಂಗ ಅದಾನ?"

"ಹಂಗ ಅದಾರ್ರಿ."

"ಮತ್ತ ನೀ?"

ಅದನ್ನು ಯಾರೂ ಅಲ್ಲಿಯ ತನಕ ಕೇಳಿರಲಿಲ್ಲ. ನಾನು ಹೇಳಿದೆ: "ಕಂಬ ಕಾಣವಲ್ದು ಸರ್. ನೀವು ಹೇಳಿಕೊಟ್ಟದ್ದೆಲ್ಲಾ ಮಾಡೇನಿ. ಉಸಿರು, ಧೂಳ ಝಾಡ್ಸೂದು, ಕಣ್ಣ ಮುಚ್ಚಿ ನೆನ್ಯೂದು, ಒಂದೂ ಬಿಟ್ಟಿಲ್ಲ. ನನಗ ಸೋಲೂದು ಗೊತ್ತೈತ್ರಿ. ಸೋತ ಮ್ಯಾಲ ಮನೀಗೆ ಹೋಗ್ತಿದ್ವಿ. ಇದರಾಗ ಮನೀಗೆ ಹೋಗೂದ ಇಲ್ಲರಿ."

ಸರ್ ಏನಾದರೊಂದು ಉಪಾಯ ಹೇಳುತ್ತಾರೆಂದು ಕಾದಿದ್ದೆ. ಯಾವಾಗಲೂ ಹೇಳಿದ್ದರು.

"ಸುನಂದಾ, ಆಟಕ್ಕ ಸೀಟಿ ಇರ್ತೈತಿ" ಎಂದರು ಕೊನೆಗೆ. "ನಾ ನಿಮಗೆಲ್ಲಾ ಕಲಿಸಿದ್ದು ಸೀಟಿ ಊದೂತನಾ ಹ್ಯಾಂಗ ಉಳೀಬೇಕು ಅಂತ. ಸೀಟಿನ ಇಲ್ಲಂದ್ರ ಏನ ಮಾಡಬೇಕು, ನನಗ ಗೊತ್ತಿಲ್ಲವ್ವಾ. ಖರೇ ಗೊತ್ತಿಲ್ಲ. ಆ ಹುಡುಗನ ಕೈಯಾಗ ಮೈಕ ಕೊಡಸಿದ್ನಲ್ಲಾ, ಅವತ್ತಿನಿಂದ ನನಗೂ ನಿದ್ದಿ ಹತ್ತವಲ್ದು."

ಅವರ ಮೇಲೆ ಸಿಟ್ಟು ಬರಬೇಕಿತ್ತೋ ಏನೋ, ಬರಲಿಲ್ಲ. ಚಹಾ ಕುಡಿದೆವು. ಹೊರಡುವಾಗ ಚೀಲದ ತುಂಬ ಬದನೆಕಾಯಿ ಕೊಟ್ಟು ಬಸ್ ಸ್ಟ್ಯಾಂಡಿನ ತನಕ ಜೊತೆಗೆ ಬಂದರು. ಬಸ್ಸು ತಿರುಗುವ ತನಕ ಕೈ ಎತ್ತಿಯೇ ನಿಂತಿದ್ದರು. ಕಿಟಕಿಯ ಬಳಿ ಕುಳಿತು ಮೊದಲ ಬಾರಿಗೆ ಅತ್ತುಬಿಟ್ಟೆ. ಪಕ್ಕದಲ್ಲಿದ್ದ ಹೆಂಗಸು ನನ್ನ ಕಡೆಗೆ ನೋಡದೆ ತನ್ನ ಸೆರಗಿನ ಅಂಚನ್ನು ನನ್ನ ಕೈಗೆ ಕೊಟ್ಟಳು. ಬುಧಗಾಂವ ದಾಟುವ ತನಕ ಅದರಲ್ಲೇ ಕಣ್ಣೊರೆಸಿಕೊಂಡೆ.

ದೀಪಾವಳಿ ಕಳೆದು ಚಳಿ ಶುರುವಾಗುವಾಗ ಅತ್ತೆ ಒಂದು ನಿರ್ಧಾರ ಮಾಡಿದ್ದರು. ನನಗೆ ಹೇಳಿರಲಿಲ್ಲ. ಮಧ್ಯಾಹ್ನ ನಾನು ಶಾಲೆಯಲ್ಲಿದ್ದಾಗ ಶ್ರುತಿಯನ್ನು ಬಾಲ್ಕನಿಗೆ ಕರೆದು, ಮಗನೊಂದಿಗೆ ಆಡುವಂಥ ಮಾತುಗಳನ್ನು ಮರಾಠಿಯಲ್ಲಿ ಸರಿಯಾಗಿ ಹೇಳಿಕೊಡು ಎಂದು ಕೇಳಿದ್ದರಂತೆ. ಸಂತೆಯ ಮರಾಠಿ ಬರುತ್ತದೆ, ಮಗನನ್ನು ಮಾತಾಡಿಸುವ ಮರಾಠಿ ಬರುವುದಿಲ್ಲ ಎಂದರಂತೆ. ಶ್ರುತಿಗೆ ಮೊದಲು ನಗು ಬಂತಂತೆ. ಆಮೇಲೆ ಅಜ್ಜಿಯ ಮುಖ ನೋಡಿ ನಗಲಿಲ್ಲ.

ಒಂದು ಸಂಜೆ ನಾನು ಅಡಿಗೆ ಮನೆಯಲ್ಲಿ ಪಲ್ಯ ಒಗ್ಗರಿಸುತ್ತಿದ್ದಾಗ ಒಳಗಿನ ಕೋಣೆಯಿಂದ ದನಿ ಕೇಳಿತು.

"ಬಾಳಾ, ಜೇವತೋಸ್ ನಾ?" ಮಗೂ, ಉಣ್ಣುತ್ತೀಯಲ್ಲ?

ಅದು ಅತ್ತೆಯ ದನಿ. ಉಚ್ಚಾರ ಪೂರ್ತಿ ನಮ್ಮ ಕಡೆಯದು, ಶಬ್ದ ಮಾತ್ರ ಮರಾಠಿ. ಆಮೇಲೆ ಮಂಚ ಕಿರುಗುಟ್ಟಿತು. ಅವರು ಗೋಡೆಯಿಂದ ಈ ಕಡೆಗೆ ಹೊರಳಿದ್ದರು.

"ಹೋ ಆಯಿ" ಎಂದರು. "ಭೂಕ್... ಲಾಗಲೀ." ಹಸಿವೆಯಾಗಿದೆ.

ಎಷ್ಟೋ ತಿಂಗಳ ನಂತರ ಅವರು ತಾಯಿಗೆ ಆಡಿದ ಪೂರ್ತಿ ಮಾತು. ಅತ್ತೆ ಮತ್ತೇನೋ ಕೇಳಿದರು, ಅವರು ಮತ್ತೇನೋ ಹೇಳಿದರು. ಒಗ್ಗರಣೆ ಸೀದು ಹೊಗೆ ಎದ್ದಿತ್ತು, ನಾನು ಒಲೆ ಆರಿಸುವುದನ್ನೂ ಮರೆತು ನಿಂತಿದ್ದೆ.

ಉಣ್ಣಿಸಿ ಆದ ಮೇಲೆ ಅತ್ತೆ ತಟ್ಟೆ ತಂದು ಇಟ್ಟು, ನನ್ನ ಪಕ್ಕದಲ್ಲಿ ನೆಲಕ್ಕೆ ಕುಳಿತರು.

"ಸುನಂದಾ, ಇನ್ನ ಅವನ ಮುಂದ ನಮ್ಮ ಮಾತ ಬ್ಯಾಡ."

"ಅತ್ತ್ಯಾ..."

"ಬ್ಯಾಡವಾ. ನಾವ ಕಾದಷ್ಟೂ ಅವಂಗ ಸಂಕಟ. ಅವ್ವ ಅನ್ನಲಿ, ಆಯಿ ಅನ್ನಲಿ, ಕರ್ಯೂದು ನನ್ನನ್ನ ಅಲ್ಲೇನು? ನಾ ಬಿಟ್ಟೇನಿ. ನೀನೂ ಬಿಡು." ಹೇಳಿದ್ದು ಗಟ್ಟಿಯಾಗಿಯೇ. ಹೇಳುತ್ತ ಹೇಳುತ್ತ ಸೆರಗಿನಿಂದ ತಟ್ಟೆಯ ಅಂಚನ್ನು ಒರೆಸುತ್ತಲೇ ಇದ್ದರು, ಆಗಲೇ ಒಣಗಿದ್ದ ತಟ್ಟೆಯನ್ನು.

ನನ್ನಿಂದ ಕೂಡಲೇ ಬಿಡಲಾಗಲಿಲ್ಲ. ನನಗೆ ಮರಾಠಿ ಬರದೆ ಅಲ್ಲ. ದಿನವಿಡೀ ಶಾಲೆಯಲ್ಲಿ ಆಡುವುದು ಅದನ್ನೇ. ಆದರೆ ಈ ಮನುಷ್ಯನ ಜೊತೆ ಜಗಳ, ಸಲಿಗೆ, ಬಸಿರು, ಬಾಣಂತನ, ಎಲ್ಲವನ್ನೂ ಕನ್ನಡದಲ್ಲಿ ಮಾಡಿದವಳು ನಾನು. ಅವರ ಎದುರು ಸುಮ್ಮನಿರತೊಡಗಿದೆ. ಸುಮ್ಮನೆ ಬಟ್ಟೆ ಬದಲಿಸಿದೆ, ಸುಮ್ಮನೆ ಮಾತ್ರೆ ಕೊಟ್ಟೆ. ಹಾಗೇ ಸುಮಾರು ದಿನ ಹೋಯಿತು. ಆ ಮೌನ ಅವರಿಗೂ ತಿಳಿಯುತ್ತಿತ್ತು. ನಾನು ಕೋಣೆಯಿಂದ ಹೊರಗೆ ಹೋಗುವಾಗ ಅವರ ಕಣ್ಣುಗಳು ನನ್ನ ಹಿಂದೆ ಬಾಗಿಲ ತನಕ ಬರುತ್ತಿದ್ದವು.

ಸಂಕ್ರಾಂತಿಯ ಹಿಂದುಮುಂದಿನ ಒಂದು ಮಧ್ಯಾಹ್ನ ಅವರು ಹೊರಗಿನ ಕೋಣೆಯಲ್ಲಿ ಕುರ್ಚಿಯ ಮೇಲೆ ಕುಳಿತಿದ್ದರು. ಬಿಸಿಲು ಕಾಲ ಹತ್ತಿರ ಬಂದಿತ್ತು. ಅತ್ತೆ ಬಸದಿಗೆ ಹೋಗಿದ್ದರು, ಶ್ರುತಿ ಕಾಲೇಜಿಗೆ. ನಾನು ನೀರಿನ ಲೋಟ ತಂದು, ಎದೆ ಗಟ್ಟಿ ಮಾಡಿಕೊಂಡು, ಗಂಡನನ್ನು ಮೊದಲ ಸಲ ಮರಾಠಿಯಲ್ಲಿ ಮಾತಾಡಿಸಿದೆ.

"ಪಾಣಿ ದೇಊ ಕಾ?" ನೀರು ಕೊಡಲೇ?

ಅವರು ತಲೆ ಎತ್ತಿದರು. ಮುಖದ ಬಿಗಿ ಸಡಿಲಾಯಿತು. ಇಷ್ಟು ದಿನ ನನ್ನನ್ನು ಕಂಡಾಗ ಬರುತ್ತಿದ್ದ ಆ ಹೆದರಿಕೆ ಇರಲಿಲ್ಲ. ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಾಗ ಇರುತ್ತಿದ್ದ ನಗು, ಎಲ್ಲ ಗಿರಾಕಿಗಳಿಗೂ ಕೊಡುತ್ತಿದ್ದ ನಗು ಬಂತು. ಎಡಗೈ ಚಾಚಿ ಎದುರಿನ ಕುರ್ಚಿ ತೋರಿಸಿದರು.

"ತುಮ್ಹೀ ಬಸಾ" ಎಂದರು ಮರ್ಯಾದೆಯಿಂದ. "ತುಮ್ಹೀ... ಬಸಾ ನಾ."

ನೀವು ಕುಳಿತುಕೊಳ್ಳಿ. ಮದುವೆಯಾದಂದಿನಿಂದ ನನ್ನನ್ನು ನೀ ಎಂದು ಕರೆದ ಬಾಯಿ ಅದು. ಅವರ ಕೈಗೆ ಸಿಕ್ಕ ಮರಾಠಿ ಅಂಗಡಿಯದು, ಮೈಕಿನದು. ಅದರಲ್ಲಿ ಹೆಂಡತಿಗೆ ಆಡುವ ಮಾತು ಇರಲೇ ಇಲ್ಲ.

ಲೋಟವನ್ನು ಅವರ ಪಕ್ಕ ಇಟ್ಟೆ. ಅವರು ತೋರಿಸಿದ ಕುರ್ಚಿಯಲ್ಲಿ, ಹೊರಗಿನಿಂದ ಬಂದವರು ಕೂರುವ ಹಾಗೆ, ಅಂಚಿಗೆ ಕುಳಿತೆ.